ನಿಲ್ಲುವುದಕ್ಕೆಂದೇ ಹೊರಟ ದಾರಿ

ದೂರದ ಸೈಕಲ್ ಸವಾರಿಯ ಬಗ್ಗೆ ಅನುಭವಸ್ಥರು ಹೇಳುವ ಬುದ್ಧಿಮಾತುಗಳಲ್ಲಿ ಬಹುಪಾಲು ನಿಲ್ಲದೆ ಹೋಗುವುದನ್ನು ಕುರಿತವು. ಫ್ರಾನ್ಸಿನ ಸೇಂತ್ ಎತಿಯೆನ್ ನಗರದಲ್ಲಿ ನೆಲೆಸಿದ್ದ ಪಾಲ್ ದ ವಿವಿ (1853–1930), ವೆಲೋಸಿಯೊ ಎಂಬ ಹೆಸರಿನಿಂದ ಸೈಕಲ್ ಪ್ರಿಯರಿಗೆ ಪರಿಚಿತನಾದವನು, ದೂರ ಹೋಗುವವರಿಗಾಗಿ ಏಳು ಸೂತ್ರಗಳನ್ನು ಮಾಡಿಟ್ಟಿದ್ದ. ಹಸಿವಾಗುವ ಮೊದಲೇ ತಿನ್ನಬೇಕು, ಬಾಯಾರುವ ಮೊದಲೇ ಕುಡಿಯಬೇಕು, ಬರಿಯ ಜಂಬಕ್ಕಾಗಿ ಎಂದೂ ತುಳಿಯಬಾರದು ಎಂಬ ಮಾತುಗಳೆಲ್ಲ ಅವುಗಳಲ್ಲಿವೆ. ಆದರೆ ಪಟ್ಟಿಯ ಮೊದಲಿಗೇ ಇರುವುದು ವಿರಾಮಗಳ ಮಾತು: ಅವು ವಿರಳವಾಗಿರಲಿ, ಚಿಕ್ಕವಾಗಿರಲಿ, ಕಾಲುಗಳಿಗೆ ಹತ್ತಿದ ಲಯ ಕೆಡದಿರಲಿ. ಉಳಿದ ಆರು ಸೂತ್ರಗಳ ಬಗ್ಗೆ ನನಗೆ ತಕರಾರಿಲ್ಲ. ಮೊದಲನೆಯದನ್ನು ಮಾತ್ರ ಮುರಿಯುವ ಉದ್ದೇಶದಿಂದಲೇ ನಾನು ಆಗಾಗ ಮನೆ ಬಿಡುತ್ತೇನೆ. ಹಳ್ಳಿದಾರಿಗಳಲ್ಲಿ ಇಡೀ ದಿನ ಸೈಕಲ್ ತುಳಿಯುತ್ತ, ಬಹಳ ಕಾಲದಿಂದ ನೋಡದೆ ಉಳಿದ ಗೆಳೆಯರ ಮನೆಗಳಿಗೆ ಹೋಗಿ ಕೂತು ಬರುವುದು ಆ ದಿನದ ಕೆಲಸ.

ಇಂಥ ದಿನದ ಲೆಕ್ಕಾಚಾರವನ್ನು ನಾನು ಬ್ರೆವೆ ಸವಾರಿಗಳ ನಿಯಮಗಳಿಂದ ಕಲಿತೆ. ಬ್ರೆವೆ ಎಂದರೆ ಸ್ಪರ್ಧೆಯಲ್ಲ. 200, 300, 400, 600 ಕಿಲೋಮೀಟರುಗಳ ದಾರಿಯನ್ನು ಗೊತ್ತಾದ ಅವಧಿಯೊಳಗೆ ತನ್ನ ಬಲದಿಂದಲೇ ಮುಗಿಸಿದವರಿಗೆ ಮನ್ನಣೆ ನೀಡುವ ಒಂದು ಪದ್ಧತಿ. 1904ರಲ್ಲಿ ಆರಂಭವಾದ ಒಡಾಕ್ಸ್ ಕ್ಲಬ್ ಪಾರಿಸಿಯೆನ್ ಇದರ ಮೂಲ ಸಂಸ್ಥೆ. 200 ಕಿಲೋಮೀಟರಿಗೆ ಕೊಡುವ ಅವಧಿ ಹದಿಮೂರೂವರೆ ಗಂಟೆ, ಅಂದರೆ ಗಂಟೆಗೆ 15 ಕಿಲೋಮೀಟರಿಗಿಂತಲೂ ತುಸು ಕಡಿಮೆಯ ಸರಾಸರಿ. ಕೇಳಿದಾಗ ಇದು ತೀರ ಉದಾರವೆನ್ನಿಸುತ್ತದೆ. ಆದರೆ ಅಲ್ಲಿ ಗಡಿಯಾರ ಯಾರಿಗಾಗಿಯೂ ನಿಲ್ಲುವುದಿಲ್ಲ. ಊಟ, ಪಂಕ್ಚರ್, ತಪ್ಪಿದ ದಾರಿ, ಮರದ ಕೆಳಗೆ ಕಣ್ಣು ಮುಚ್ಚಿದ ಹತ್ತು ನಿಮಿಷ ಎಲ್ಲವೂ ಆ ಹದಿಮೂರೂವರೆ ಗಂಟೆಯೊಳಗೇ ಅಡಗಬೇಕು. ದಾರಿಯುದ್ದಕ್ಕೂ ತಪಾಸಣೆಯ ಠಾಣೆಗಳಿರುತ್ತವೆ, ಅಲ್ಲಿ ಸವಾರ ತನ್ನ ಕಾರ್ಡಿಗೆ ಮೊಹರು ಹಾಕಿಸಿಕೊಂಡು ಮುಂದೆ ಸಾಗುತ್ತಾನೆ. ನನ್ನ ದಿನದ ಠಾಣೆಗಳು ಗೆಳೆಯರ ಮನೆಗಳು. ವ್ಯತ್ಯಾಸವಿಷ್ಟೇ, ಇಲ್ಲಿ ಒಂದು ಮೊಹರು ಬೀಳುವುದಕ್ಕೆ ಒಂದೂವರೆ ಗಂಟೆಯಾದರೂ ಹಿಡಿಯುತ್ತದೆ.

ಬೆಳಕಿರುವ ಹನ್ನೆರಡು ಗಂಟೆಗಳಲ್ಲಿ ಮೂರು ಮನೆಗಳಿಗೆ ನಾಲ್ಕೂವರೆ ಗಂಟೆ ತೆಗೆದಿಟ್ಟು, ನೀರು ತುಂಬಿಸಿಕೊಳ್ಳುವುದು, ಬೆನ್ನು ನೇರ ಮಾಡಿಕೊಳ್ಳುವುದು ಮುಂತಾದ ಸಣ್ಣ ನಿಲುಗಡೆಗಳಿಗೆ ಒಂದು ಗಂಟೆ ಬಿಟ್ಟರೆ, ತುಳಿಯಲು ಉಳಿಯುವುದು ಆರೂವರೆ ಗಂಟೆ. ಗಂಟೆಗೆ 20 ಕಿಲೋಮೀಟರಿನಂತೆ 130 ಕಿಲೋಮೀಟರ್ ಆಗುತ್ತದೆ. ತುಸು ಜೋರಾಗಿ, 25ರ ವೇಗದಲ್ಲಿ ಹೋದರೆ ಇನ್ನೊಂದು ಗಂಟೆ ಉಳಿದೀತು, ಆ ಗಂಟೆಯನ್ನು ನಾಲ್ಕನೆಯ ಗೆಳೆಯನಿಗೆ ಕೊಡಬಹುದಲ್ಲ ಎಂಬ ಯೋಚನೆ ಎಲ್ಲರಿಗೂ ಬರುತ್ತದೆ. ಆದರೆ ಸಪಾಟು ರಸ್ತೆಯಲ್ಲಿ ಸೈಕಲ್ ಸವಾರನ ಮುಖ್ಯ ಎದುರಾಳಿ ಗಾಳಿ. ಅದರ ತಡೆ ವೇಗದ ವರ್ಗದಂತೆ ಏರುತ್ತದೆ, ಆ ತಡೆಯನ್ನು ಮೀರಲು ಕಾಲುಗಳು ಒದಗಿಸಬೇಕಾದ ಸಾಮರ್ಥ್ಯ ವೇಗದ ಘನದಂತೆ ಏರುತ್ತದೆ. 20ರಿಂದ 25ಕ್ಕೆ ಹೋಗುವುದೆಂದರೆ ಗಾಳಿಗೆ ಕೊಡುವ ಪಾಲು ಹೆಚ್ಚುಕಡಿಮೆ ಇಮ್ಮಡಿಯಾಗುವುದು. ಹಾಗೆ ಉಳಿಸಿದ ಒಂದು ಗಂಟೆಯನ್ನು ಹಿಡಿದುಕೊಂಡು ಗೆಳೆಯನ ಮನೆಗೆ ತಲುಪಿದವನು ಅಲ್ಲಿ ಮಾತನಾಡುವ ಸ್ಥಿತಿಯಲ್ಲಿರುವುದಿಲ್ಲ. ಗೋಡೆಗೊರಗಿ ಕಣ್ಣು ಮುಚ್ಚಿ ಕೂತಿರುತ್ತಾನೆ. ಆದ್ದರಿಂದ ಮೂರು ಮನೆ ಸಾಕು. ಎರಡಾದರೆ ಇನ್ನೂ ಒಳ್ಳೆಯದು ಎನ್ನುವವರನ್ನು ನಾನು ವಿರೋಧಿಸುವುದಿಲ್ಲ.

ಯಾರ ಮನೆಗೆ ಹೋಗಬೇಕೆಂಬುದು ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ. ಮನುಷ್ಯ ನಿಜವಾಗಿ ನಿಭಾಯಿಸಬಲ್ಲ ಸಂಬಂಧಗಳ ಸಂಖ್ಯೆ ಸುಮಾರು 150 ಎಂದು 1990ರ ದಶಕದ ಆರಂಭದಲ್ಲಿ ರಾಬಿನ್ ಡನ್‌ಬಾರ್ ಎಂಬ ವಿಜ್ಞಾನಿ ಮಂಡಿಸಿದರು. ಅದರೊಳಗೆ 50, 15, 5 ಜನರ ಚಿಕ್ಕ ಚಿಕ್ಕ ವೃತ್ತಗಳಿವೆ ಎಂಬುದು ಆ ವಾದದ ಮುಂದುವರಿಕೆ. ಈ ಸಂಖ್ಯೆಗಳನ್ನು ಒಪ್ಪದವರೂ ಇದ್ದಾರೆ, ನನಗೂ ಅವು ತುಸು ಅತಿ ಅಚ್ಚುಕಟ್ಟು ಅನ್ನಿಸುತ್ತವೆ. ಆದರೂ ಒಂದು ಕಾಲದಲ್ಲಿ ಆ ಐವರೊಳಗೆ ಇದ್ದು, ಜಗಳವಿಲ್ಲದೆ, ಕಾರಣವಿಲ್ಲದೆ, ಕೇವಲ ದಿನಗಳು ಉರುಳಿದ್ದರಿಂದ ಹೊರವೃತ್ತಕ್ಕೆ ಸರಿದುಹೋದವರು ಪ್ರತಿಯೊಬ್ಬರಿಗೂ ಇರುತ್ತಾರೆ. ವರ್ಷಕ್ಕೊಮ್ಮೆ ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಸಂದೇಶ ಕಳಿಸಿ ಸುಮ್ಮನಾಗುವ ಇಂಥವರ ಮನೆಗೇ ನಾನು ಸೈಕಲ್ ತಿರುಗಿಸುತ್ತೇನೆ. ತೀರ ಹತ್ತಿರದವರನ್ನು ನೋಡಲು ಇಷ್ಟೆಲ್ಲ ಏರ್ಪಾಟು ಬೇಕಿಲ್ಲ. ಪೂರ್ತಿ ಮರೆತುಹೋದವರ ಮನೆಯ ಮುಂದೆ ಬೆವರಿಳಿಸಿಕೊಂಡು ನಿಲ್ಲುವುದು ಅವರಿಗೂ ಕಷ್ಟ, ನನಗೂ ಕಷ್ಟ.

ಹೊರಡುವುದು ಬೆಳಕು ಹರಿಯುವ ಮೊದಲೇ. ಇದರಲ್ಲಿ ಶಿಸ್ತಿನ ಹೆಚ್ಚುಗಾರಿಕೆಯೇನೂ ಇಲ್ಲ, ಗಾಳಿಯ ಸ್ವಭಾವವೇ ಹಾಗಿದೆ. ರಾತ್ರಿ ನೆಲ ತಣಿದಿರುವಾಗ ಮೇಲಿನ ಪದರಗಳ ವೇಗದ ಗಾಳಿ ಕೆಳಗಿಳಿಯುವುದಿಲ್ಲ. ಬಿಸಿಲೇರಿ ನೆಲ ಕಾದಂತೆ ಗಾಳಿ ಮೇಲೆ ಕೆಳಗೆ ಕದಡಿಕೊಂಡು, ಸಾಮಾನ್ಯವಾಗಿ ಮಧ್ಯಾಹ್ನದ ಹೊತ್ತಿಗೆ ನೆಲಮಟ್ಟದಲ್ಲಿಯೂ ಬಿರುಸಾಗುತ್ತದೆ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗುವವನಿಗೆ 10 ಕಿಲೋಮೀಟರಿನ ಎದುರುಗಾಳಿ ಸಿಕ್ಕರೆ, ಅದೇ ವೇಗ ಉಳಿಸಿಕೊಳ್ಳಲು ಗಾಳಿಯ ವಿರುದ್ಧ ಮಾಡಬೇಕಾದ ಕೆಲಸ ಎರಡು ಪಟ್ಟಿಗೂ ಮೀರುತ್ತದೆ. ಹೀಗಾಗಿ ಗಾಳಿ ಯಾವ ಕಡೆಯಿಂದ ಬೀಸುವ ಸೂಚನೆಯಿದೆಯೋ ಆ ಕಡೆಗೆ ಬೆಳಿಗ್ಗೆಯೇ ಹೋಗಿ, ಅದು ಬಲವಾಗುವ ವೇಳೆಗೆ ಬೆನ್ನು ಕೊಟ್ಟು ಮರಳುವಂತೆ ಸುತ್ತನ್ನು ಹೆಣೆಯುತ್ತೇನೆ. ಮೂವರು ಗೆಳೆಯರಲ್ಲಿ ಯಾರನ್ನು ಮೊದಲು ನೋಡುವುದೆಂದು ತೀರ್ಮಾನಿಸುವುದು ಸ್ನೇಹದ ಹಳಮೆಯಲ್ಲ, ಹವಾಮಾನದ ಮುನ್ಸೂಚನೆ ಎಂಬುದನ್ನು ಅವರಿಗೆ ಈವರೆಗೆ ಹೇಳಿಲ್ಲ.

ಊರಿನ ಅಂಚು ದಾಟಿ ಹೊಲಗಳ ನಡುವಿನ ಕಿರುದಾರಿಗೆ ಬಿದ್ದ ಮೇಲೆ ದೇಹಕ್ಕೆ ಮೊದಲು ತಿಳಿಯುವುದು ನೆಲದ ಏರುತಗ್ಗು. ಕಾರಿನಲ್ಲಿ ಕೂತವನಿಗೆ ಮಟ್ಟಸವಾಗಿ ಕಾಣುವ ದಾರಿ ಸೈಕಲ್ ಮೇಲಿರುವವನಿಗೆ ಮಟ್ಟಸವಲ್ಲ. ಸವಾರ, ಸೈಕಲ್, ಚೀಲ ಎಲ್ಲ ಸೇರಿ 85 ಕಿಲೋ ಎಂದಿಟ್ಟುಕೊಂಡರೆ 100 ಮೀಟರ್ ಎತ್ತರ ಏರಲು 83 ಕಿಲೋಜೂಲ್ ಕೆಲಸವಾಗಬೇಕು. ನಾವು ತಿಂದದ್ದರಲ್ಲಿ ಸುಮಾರು ಕಾಲುಭಾಗ ಮಾತ್ರ ಪೆಡಲಿಗೆ ತಲುಪಿ ಉಳಿದದ್ದು ಬಿಸಿಯಾಗಿ ಹೋಗುವುದರಿಂದ, ಆ ಏರಿನ ಬೆಲೆ ಸುಮಾರು 80 ಕಿಲೋಕ್ಯಾಲೊರಿ, ಅಂದರೆ ಒಂದು ಚಿಕ್ಕ ಬಾಳೆಹಣ್ಣಿನಷ್ಟು. ಹೀಗೆ ನೋಡಿದರೆ ಯಾವ ಏರೂ ಅಷ್ಟು ಭಯಂಕರವಲ್ಲ. ಗೇರನ್ನು ಸಡಿಲಕ್ಕೆ ಇಳಿಸಿ, ಉಸಿರು ಮಾತಾಡಲು ಬರುವಷ್ಟು ಮಟ್ಟದಲ್ಲಿದೆಯೇ ಎಂದು ನೋಡಿಕೊಂಡು ಏರುತ್ತಿದ್ದರೆ ಗುಡ್ಡ ತಾನಾಗಿಯೇ ಮುಗಿಯುತ್ತದೆ. ಒಬ್ಬನೇ ಹೋಗುವಾಗ ಮಾತಾಡಲು ಯಾರೂ ಇಲ್ಲದಿರುವುದರಿಂದ, ಮುಂದೆ ನೋಡಲಿರುವ ಗೆಳೆಯನ ಜೊತೆ ಆಡಬೇಕಾದ ಮಾತುಗಳನ್ನು ಆಡಿ ನೋಡಿಕೊಳ್ಳುತ್ತೇನೆ. ಅವುಗಳಲ್ಲಿ ಒಂದೂ ಆಮೇಲೆ ಉಪಯೋಗಕ್ಕೆ ಬರುವುದಿಲ್ಲ.

ನೆಲ ಕಾಣುವ ರೀತಿಯೂ ಈ ವೇಗಕ್ಕೆ ಹೊಂದಿಕೊಂಡು ಬದಲಾಗುತ್ತದೆ. ನಡೆಯುವವನಿಗೆ ಒಂದು ಹಳ್ಳಿಯಿಂದ ಇನ್ನೊಂದು ಹಳ್ಳಿಗೆ ಹೋಗುವುದೇ ಅರ್ಧ ದಿನದ ಮಾತು. ಕಾರಿನವನಿಗೆ ಹಳ್ಳಿಯೆಂಬುದು ವೇಗ ತಗ್ಗಿಸಬೇಕಾದ ಒಂದು ತಿರುವು. ಸೈಕಲ್ ಸವಾರ ಹಳ್ಳಿಯೊಳಗೆ ಬರುತ್ತಾನೆ, ಜಗಲಿಯಲ್ಲಿ ಕೂತವರ ಮುಖ ನೋಡುತ್ತಾನೆ, ಅವರೂ ಇವನ ಮುಖ ನೋಡುತ್ತಾರೆ, ಯಾವುದೋ ನಾಯಿ ಅಷ್ಟು ದೂರ ಬೊಗಳುತ್ತ ಬಂದು ತನ್ನ ಗಡಿ ಮುಗಿದಲ್ಲಿ ನಿಲ್ಲುತ್ತದೆ. ಅರ್ಧ ಗಂಟೆಯಲ್ಲಿ ಇಂಥದೇ ಮತ್ತೊಂದು ಊರು. ಮಣ್ಣಿನ ಬಣ್ಣ, ಬೇಲಿಯ ಗಿಡ, ಬಾವಿಯ ಕಟ್ಟೆ ಹೇಗೆ ನಿಧಾನವಾಗಿ ಬೇರೆಯಾಗುತ್ತ ಹೋಗುತ್ತವೆ ಎಂಬುದು ಆ ಅರ್ಧ ಗಂಟೆಗಳಲ್ಲಿ ಗೊತ್ತಾಗುತ್ತದೆ. ಗೆಳೆಯ ನೆಲೆಸಿರುವ ಊರು ನಕಾಶೆಯ ಮೇಲಿನ ಚುಕ್ಕಿಯಾಗಿ ಉಳಿಯದೆ, ಇಷ್ಟು ಏರು, ಇಷ್ಟು ಇಳಿಜಾರು, ಒಂದು ಹಳೆಯ ಸೇತುವೆ ಆದಮೇಲೆ ಬರುವ ಜಾಗವಾಗುತ್ತದೆ.

ಅಂಥ ಒಂದು ದಿನದ ಮೊದಲ ಗೆಳೆಯ ಓದುವ ದಿನಗಳಲ್ಲಿ ನನ್ನ ಕೋಣೆಯ ಸಂಗಾತಿಯಾಗಿದ್ದವನು, ಈಗ ಜಮೀನು ನೋಡಿಕೊಂಡಿದ್ದಾನೆ. ಬಹಳ ವರ್ಷಗಳ ನಂತರ ಭೇಟಿಯಾಗುವಾಗಿನ ಮೊದಲ ಕಾಲು ಗಂಟೆ ಎಷ್ಟು ಹಿಂಸೆಯದೆಂದು ಎಲ್ಲರಿಗೂ ಗೊತ್ತಿದೆ. ಒಗೆದ ಬಟ್ಟೆ ಹಾಕಿಕೊಂಡು, ಕೈಯಲ್ಲಿ ಏನಾದರೂ ಹಿಡಿದುಕೊಂಡು, ಸರಿಯಾದ ಹೊತ್ತಿಗೆ ಬಂದು ಕುರ್ಚಿಯ ತುದಿಯಲ್ಲಿ ಕೂತ ಅತಿಥಿಗೂ, ಅವನನ್ನು ಹಾಗೆ ಕೂರಿಸಿದ ಮನೆಯವನಿಗೂ ತಮ್ಮ ತಮ್ಮ ಬದುಕು ಚೆನ್ನಾಗಿಯೇ ಇದೆ ಎಂದು ತೋರಿಸಿಕೊಳ್ಳುವ ಜವಾಬ್ದಾರಿಯಿರುತ್ತದೆ. ಸೈಕಲ್ ತುಳಿದು ಬಂದವನು ಈ ಆಟಕ್ಕೆ ಅನರ್ಹ. ಅವನ ಅಂಗಿಯ ಬೆನ್ನಿನ ಮೇಲೆ ಉಪ್ಪಿನ ಗೆರೆಗಳಿವೆ, ಮೀನಖಂಡಕ್ಕೆ ಚೈನಿನ ಮಸಿ ಮೆತ್ತಿದೆ, ಅವನಿಗೆ ತಕ್ಷಣ ಬೇಕಾಗಿರುವುದು ನೀರು, ನೆರಳು, ಬಚ್ಚಲುಮನೆ. "ಲೋ, ಇದರ ಮೇಲೆ ಬಂದೆಯೇನೋ ಅಲ್ಲಿಂದ?" ಎಂದು ಗೆಳೆಯ ಕೇಳಿದ್ದೇ ಕುಶಲಪ್ರಶ್ನೆಯಾಯಿತು.

ಅವನು ನೀರಿನ ಲೋಟ ಕೊಟ್ಟಾಗ ನಾನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಗಂಟೆಗಟ್ಟಲೆ ಹ್ಯಾಂಡಲಿನ ಮೇಲೆ ಅಂಗೈ ಊರಿದಾಗ ಮಣಿಕಟ್ಟಿನ ಹೊರಬದಿಯಲ್ಲಿ ಹಾದುಹೋಗುವ ಅಲ್ನಾರ್ ನರ ಒತ್ತಿಹೋಗಿ ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತವೆ. ಮೆತ್ತನೆಯ ಕೈಗವಸು ಹಾಕಿ, ಆಗಾಗ ಹಿಡಿತ ಬದಲಿಸುತ್ತಿದ್ದರೂ ಕೆಲವರಿಗೆ ಇದು ತಪ್ಪುವುದಿಲ್ಲ. ಅವನು ಏನೂ ಹೇಳದೆ ನನ್ನ ಬೂಟಿನ ದಾರ ಬಿಚ್ಚಲು ಬಗ್ಗಿದ. ಹಾಸ್ಟೆಲಿನಲ್ಲಿ ಜ್ವರ ಬಂದು ಮಲಗಿದ್ದಾಗ ಹೀಗೆಯೇ ನೋಡಿಕೊಂಡಿದ್ದವನು ಅವನು. ಅದನ್ನು ನೆನಪಿಸುವ ಅಗತ್ಯ ಬೀಳಲಿಲ್ಲ. ಸಹಾಯ ಬೇಕಾಗಿರುವ ಸ್ಥಿತಿಯಲ್ಲಿ ಗೆಳೆಯನ ಬಾಗಿಲಿಗೆ ಹೋಗುವುದು ಎಷ್ಟು ದೊಡ್ಡ ಅನುಕೂಲವೆಂಬುದು ನನಗೆ ಮೊದಲು ಅರಿವಾದದ್ದು ಅಲ್ಲಿ. ಹಣದ ಅಥವಾ ದುಃಖದ ಸಹಾಯವಾದರೆ ಕೇಳುವವನಿಗೆ ಸಂಕೋಚ, ಕೊಡುವವನಿಗೆ ಭಾರ. ನೀರು, ಊಟ, ಅರ್ಧ ಗಂಟೆ ಒರಗಲು ಚಾಪೆ ಇವು ಕೇಳಲೂ ಹಗುರ, ಕೊಡಲೂ ಹಗುರ.

ಊಟದ ವಿಷಯದಲ್ಲಿ ಮಾತ್ರ ಗೆಳೆತನಕ್ಕೂ ಶರೀರಶಾಸ್ತ್ರಕ್ಕೂ ಜಗಳ. ಸ್ನಾಯು ಮತ್ತು ಯಕೃತ್ತಿನಲ್ಲಿ ಸೇರಿ ಸುಮಾರು ಅರ್ಧ ಕಿಲೋದಷ್ಟು ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟುಕೊಂಡ ಶರ್ಕರಪಿಷ್ಟ, ಸಂಗ್ರಹವಿರುತ್ತದೆ. ತುಸು ಬಿರುಸಾಗಿ ತುಳಿದರೆ ಅದು ಕೆಲವೇ ಗಂಟೆಗಳಲ್ಲಿ ಬರಿದಾಗುತ್ತ ಬಂದು, ಕಾಲುಗಳು ಇದ್ದಕ್ಕಿದ್ದಂತೆ ಸೋತು, ತಲೆ ಮಂಕಾಗಿ, ಎದುರಿನ ಮೈಲಿಗಲ್ಲು ಓದಲೂ ಬೇಸರವಾಗುತ್ತದೆ. ಅದನ್ನು ತಪ್ಪಿಸಲು ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಒಳಗೆ ಹೋಗುತ್ತಿರಬೇಕು, ಅದೂ ಸ್ವಲ್ಪ ಸ್ವಲ್ಪವಾಗಿ. ಗೆಳೆಯರ ಮನೆಯಲ್ಲಿ ಸ್ವಲ್ಪ ಸ್ವಲ್ಪವೆಂಬುದಿಲ್ಲ. ನೂರು ಕಿಲೋಮೀಟರ್ ತುಳಿಯುವವನಿಗೆ ಹಸಿವು ಹೆಚ್ಚೆಂಬ ತರ್ಕದಿಂದ, ಬಡಿಸುವ ಕೈ ನಿಲ್ಲುವುದೇ ಇಲ್ಲ. ಹೊಟ್ಟೆ ತುಂಬಿದ ಮೇಲೆ ರಕ್ತ ಜೀರ್ಣಾಂಗಗಳ ಕಡೆಗೂ ಹರಿಯಬೇಕು, ಕಾಲುಗಳ ಕಡೆಗೂ ಹರಿಯಬೇಕು. ಹಾಗಾಗಿ ಹೊರಟ ಮೊದಲ ಅರ್ಧ ಗಂಟೆ ಎರಡಕ್ಕೂ ನ್ಯಾಯ ಸಲ್ಲುವುದಿಲ್ಲ. ನಾನು ಕಂಡುಕೊಂಡ ಉಪಾಯವೆಂದರೆ ಬೇಡವೆನ್ನದೆ ಕಟ್ಟಿಸಿಕೊಂಡು ಹೋಗುವುದು. ಸೈಕಲ್‌ನ ಚೀಲ ಇಂಥದ್ದಕ್ಕೂ ಇದೆ.

ಎರಡನೆಯ ಭೇಟಿಯ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ. ಹಿಂದೆ ಒಂದೇ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಗೆಳತಿ, ಮಾತಿನಲ್ಲಿ ಎಂದೂ ಸೋಲದವಳು. ಆ ದಿನ ಅವಳ ಮನೆಯಲ್ಲಿ ಬೇರೆ ನೆಂಟರಿದ್ದರು, ನಮ್ಮಿಬ್ಬರ ಮಾತು ಅವರೆಲ್ಲರಿಗೂ ಸಲ್ಲುವ ಮಾತಾಯಿತು. ಸೀಟು ನೋಯುವುದಿಲ್ಲವೇ, ಲಾರಿಗಳ ಭಯವಿಲ್ಲವೇ, ಈ ವಯಸ್ಸಿನಲ್ಲಿ ಯಾಕೆ ಎಂಬ ಪ್ರಶ್ನೆಗಳಿಗೆಲ್ಲ ಉತ್ತರಿಸುವಷ್ಟರಲ್ಲಿ ಹೊತ್ತು ಸರಿಯಿತು. ಗೇಟಿನವರೆಗೆ ಬಂದವಳು, "ಇನ್ನೊಂದು ಸಲ ಬಾ, ಫೋನ್ ಮಾಡಿ ಬಾ" ಎಂದಳು. ಇಂಥ ಭೇಟಿಗಳೂ ಇರುತ್ತವೆ. ಕಾರಿನಲ್ಲಿ ಬಂದಿದ್ದರೆ ವಾಪಸಿನ ದಾರಿಯುದ್ದಕ್ಕೂ ಅದು ಮನಸ್ಸಿಗೆ ಚುಚ್ಚುತ್ತಿತ್ತೇನೋ. ಇಲ್ಲಿ, ಒಂದೂವರೆ ಗಂಟೆ ಕೂತು ಬಿಗಿದುಕೊಂಡ ತೊಡೆಗಳು ಮತ್ತೆ ಪಳಗುವವರೆಗಿನ ನಾಲ್ಕೈದು ಕಿಲೋಮೀಟರಿನಲ್ಲಿ ಮನಸ್ಸಿಗೆ ಬೇರೆ ಯಾವ ದೂರನ್ನೂ ಕೇಳುವ ಪುರಸೊತ್ತಿರಲಿಲ್ಲ.

ಮೂರನೆಯವನ ಮನೆ ದೂರದಲ್ಲಿರುವಾಗಲೇ ನನ್ನ ಚೈನಿನ ಸದ್ದಿನ ಕಡೆಗೆ ಗಮನ ಹೋಯಿತು, ಏಕೆಂದರೆ ಅವನು ಅದನ್ನೇ ಮೊದಲು ಕೇಳಿಸಿಕೊಳ್ಳುವವನು. ಹರೆಯದಲ್ಲಿ ನಾವಿಬ್ಬರೂ ಸೇರಿ ತುಳಿಯದ ದಾರಿಯಿಲ್ಲ. ಆಮೇಲೆ ಅವನ ಮೊಣಕಾಲು ನೋಯತೊಡಗಿ ಸೈಕಲ್ ಬಿಟ್ಟ. ಸೈಕಲ್ ಬಿಟ್ಟ ಮೇಲೆ ನಮ್ಮ ನಡುವೆ ಮಾತಿಗೂ ಏನೂ ಉಳಿಯಲಿಲ್ಲವೆಂದು ಹೇಳಿದರೆ ಕಟುವಾದೀತು, ಆದರೆ ಸತ್ಯಕ್ಕೆ ಬಹಳ ದೂರವಾಗದು. ಜೊತೆಯಾಗಿ ಏನನ್ನಾದರೂ ಮಾಡುತ್ತ ಬೆಳೆದ ಸ್ನೇಹ, ಆ ಮಾಡುವುದು ನಿಂತಾಗ ಬರಿಯ ಫೋನಿನ ಮಾತಿನಿಂದ ಹೆಚ್ಚು ದಿನ ಬದುಕುವುದಿಲ್ಲ, ಮುಖ್ಯವಾಗಿ ಗಂಡಸರಲ್ಲಿ.

ಅವನು ನನ್ನನ್ನು ಒಳಗೆ ಕರೆಯಲಿಲ್ಲ. ಅಂಗಳದಲ್ಲೇ ಸೈಕಲ್ ಹಿಡಿದುಕೊಂಡು, ಹಿಂದಿನ ಚಕ್ರ ಎತ್ತಿ ಪೆಡಲನ್ನು ಕೈಯಿಂದ ತಿರುಗಿಸಿ, ತಲೆ ವಾಲಿಸಿ ಸದ್ದು ಕೇಳಿದ. "ಚೈನ್ ಎಷ್ಟು ಓಡಿದೆ?" ಎಂದ. ನಾನು ಅಂದಾಜು ಹೇಳಿದೆ. ಅವನಿಗೆ ಅಂದಾಜು ಬೇಡ. ಒಳಗಿನಿಂದ ಉಕ್ಕಿನ ಸ್ಕೇಲ್ ತಂದು ಚೈನಿನ ಒಂದು ಪಿನ್ನಿನ ನಡುಮಧ್ಯಕ್ಕೆ ಸೊನ್ನೆಯನ್ನು ಇಟ್ಟು ಹಿಡಿದ. ಸೈಕಲ್ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, ಹಾಗಾಗಿ ಹೊಸ ಚೈನಿನಲ್ಲಿ ಇಪ್ಪತ್ನಾಲ್ಕು ಕೊಂಡಿಗಳು ಸರಿಯಾಗಿ 12 ಇಂಚು. ಸವೆದಂತೆ ಅದು ಉದ್ದವಾಗುತ್ತದೆ. 12 ಇಂಚಿನ ಗೆರೆಯಿಂದ ಪಿನ್ನು ಒಂದು ಇಂಚಿನ ಹದಿನಾರನೆಯ ಒಂದು ಭಾಗದಷ್ಟು ಆಚೆ ಹೋಗಿದ್ದರೆ ಚೈನ್ ಬದಲಿಸಬೇಕು. ಎಂಟನೆಯ ಒಂದು ಭಾಗದಷ್ಟು ಹೋಗಿದ್ದರೆ ಹಿಂದಿನ ಹಲ್ಲುಚಕ್ರಗಳೂ ಬಹುಶಃ ಹಾಳಾಗಿರುತ್ತವೆ. "ಇನ್ನೂ ಸ್ವಲ್ಪ ಕಾಲ ಓಡಿಸು, ಆದರೆ ಎಣ್ಣೆ ಹಾಕಿದ ಮೇಲೆ ಒರೆಸು ಕಣೋ, ಮೇಲಿನ ಎಣ್ಣೆ ದೂಳನ್ನಷ್ಟೇ ಹಿಡಿಯುತ್ತೆ" ಎಂದ. ನಮ್ಮಿಬ್ಬರ ನಡುವೆ ಮಾತು ಶುರುವಾದದ್ದು ಹೀಗೆ.

ಸೈಕಲ್ ಮಗುಚಿ ಹಾಕಿಕೊಂಡು, ಇಬ್ಬರೂ ನೆಲದ ಮೇಲೆ ಕೂತು, ಒಬ್ಬರು ಚೈನ್ ತಿರುಗಿಸುತ್ತ ಇನ್ನೊಬ್ಬರು ಬಟ್ಟೆ ಹಿಡಿದುಕೊಂಡಿರುವಾಗ ಅವನು ತನ್ನ ತಂದೆಯ ಕೊನೆಯ ದಿನಗಳ ಬಗ್ಗೆ ಹೇಳಿದ. ನಾನು ಆಗ ಬರಲಾಗಿರಲಿಲ್ಲ, ಫೋನಿನಲ್ಲಿ ನಾಲ್ಕು ಮಾತಾಡಿ ಮುಗಿಸಿದ್ದೆವು. ಮುಖಾಮುಖಿ ಕೂತಿದ್ದರೆ ಈಗಲೂ ನಾಲ್ಕೇ ಮಾತಿನಲ್ಲಿ ಮುಗಿಯುತ್ತಿತ್ತು. ಕಣ್ಣುಗಳೆರಡೂ ಚೈನಿನ ಮೇಲಿದ್ದಾಗ ಬಾಯಿ ತಾನಾಗಿಯೇ ತೆರೆದುಕೊಳ್ಳುತ್ತದೆ. ಪಕ್ಕಪಕ್ಕದಲ್ಲಿ ತುಳಿಯುತ್ತ ಹೋಗುವಾಗಲೂ ನಾವು ಹೀಗೇ ಮಾತಾಡುತ್ತಿದ್ದೆವು, ಒಬ್ಬರ ಮುಖ ಒಬ್ಬರು ನೋಡದೆ, ಏರು ಬಂದಾಗ ಮಾತು ನಿಲ್ಲಿಸಿ, ಏರು ಮುಗಿದಾಗ ಅಲ್ಲಿಂದಲೇ ಮುಂದುವರಿಸಿ. ಅಂದು ಒಂದೂವರೆ ಗಂಟೆಯ ಮೊಹರಿನ ಲೆಕ್ಕ ತಪ್ಪಿತು, ತಪ್ಪಬೇಕಾದದ್ದೇ.

ಎದ್ದು ಕೈ ತೊಳೆಯಲು ಹಿತ್ತಿಲಿಗೆ ಹೋದಾಗ ಅವನ ಹಳೆಯ ಸೈಕಲ್ ಸೂರಿನ ಕೆಳಗೆ ನೇತುಬಿದ್ದಿರುವುದು ಕಂಡಿತು. ಮೊಣಕಾಲು ನೋವಿಗೆ ಎಷ್ಟೋ ಸಲ ಸೀಟು ತೀರ ತಗ್ಗಿನಲ್ಲಿರುವುದೂ ಕಾರಣವಾಗಿರುತ್ತದೆ. ಮಂಡಿ ಹೆಚ್ಚು ಮಡಿಚಿದಷ್ಟೂ ಮಂಡಿಚಿಪ್ಪಿನ ಹಿಂದೆ ಒತ್ತಡ ಹೆಚ್ಚು. ಸೈಕಲ್ ಇಳಿಸಿ, ಅವನನ್ನು ಗೋಡೆ ಹಿಡಿದು ಹತ್ತಿಸಿ, ಪೆಡಲ್ ಕೆಳಗಿರುವಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೇರವಾಗುತ್ತದೆಯೇ ಎಂದು ನೋಡಿದೆವು. ಎರಡು ಬೆರಳಿನಷ್ಟು ಸೀಟು ಏರಿಸಬೇಕಾಗಿ ಬಂತು. "ಡಾಕ್ಟರನ್ನು ಕೇಳಿಯೇ ಹತ್ತುತ್ತೇನೆ" ಎಂದ, ಅದು ಸರಿಯಾದ ಮಾತು. ಆದರೆ ಆಗಲೇ ಅವನ ಕಣ್ಣು ಟೈರುಗಳ ಮೇಲಿತ್ತು; ರಬ್ಬರು ಒಣಗಿ ಬದಿಗಳಲ್ಲಿ ಸೀಳು ಬಿಟ್ಟಿತ್ತು.

ಹೊರಡುವಾಗ ಬಿಸಿಲು ಇಳಿಯುತ್ತಿತ್ತು. ಕತ್ತಲಾಗುತ್ತದೆಂಬ ಕಾರಣ ಸೈಕಲ್ ಸವಾರನಿಗೆ ಇರುವ ಇನ್ನೊಂದು ಸೌಕರ್ಯ: ಇನ್ನೂ ಸ್ವಲ್ಪ ಹೊತ್ತು ಕೂರು ಎಂದು ಒತ್ತಾಯಿಸುವವರೂ ಆಕಾಶ ನೋಡಿ ಸುಮ್ಮನಾಗುತ್ತಾರೆ, ಯಾರಿಗೂ ಬೇಸರವಾಗುವುದಿಲ್ಲ. ಮಧ್ಯಾಹ್ನದ ಗಾಳಿ ಲೆಕ್ಕದಂತೆ ಬೆನ್ನಿಗೆ ಬಂದಿತ್ತು, ಹಿಂದಿನ ಕೆಂಪು ದೀಪ ಹಚ್ಚಿಕೊಂಡು ಕೊನೆಯ ಹದಿನೈದು ಕಿಲೋಮೀಟರನ್ನು ಮಬ್ಬಿನಲ್ಲಿ ಮುಗಿಸಿದೆ. ಮುಂದಿನ ಸುತ್ತನ್ನು ತಿರುಗಿಸಿ ಹಾಕಬೇಕೆಂದಿದ್ದೇನೆ. ಗಾಳಿಯ ದಿಕ್ಕು ಬದಲಾಗುವ ತಿಂಗಳುಗಳಲ್ಲಿ ಅದು ಸಾಧ್ಯ. ಆಗ ಗೆಳತಿಯ ಮನೆ ಕೊನೆಗೆ ಬರುತ್ತದೆ, ಅವಳು ಹೇಳಿದಂತೆ ಫೋನ್ ಮಾಡಿ, ರಾತ್ರಿ ಅಲ್ಲೇ ಉಳಿಯುವುದಾಗಿ ತಿಳಿಸಿ ಹೋಗಬಹುದು. ಚೈನಿನ ಗೆಳೆಯ, ಡಾಕ್ಟರ್ ಒಪ್ಪಿದರೆ, ಅವನ ಊರಿನ ಕೂಡುರಸ್ತೆಯವರೆಗೆ ಎದುರುಬರುವುದಾಗಿ ಹೇಳಿದ್ದಾನೆ. ತೊಡಕಿರುವುದು ಟೈರಿನದು. ಅವನ ಚಕ್ರಗಳು 27 ಇಂಚಿನ ಹಳೆಯ ಅಳತೆಯವು. ಟೈರು ಕೂರುವ ಜಾಗದಲ್ಲಿ ಅವುಗಳ ವ್ಯಾಸ 630 ಮಿಲಿಮೀಟರ್, ಈಗ ಎಲ್ಲೆಡೆ ಸಿಗುವ 700ಸಿ ಟೈರುಗಳದು 622. ಎಂಟು ಮಿಲಿಮೀಟರಿನ ಅಂತರವನ್ನು ಯಾವ ಬಲವಂತವೂ ಮುಚ್ಚುವುದಿಲ್ಲವಾದ್ದರಿಂದ, ಆ ಹಳೆಯ ಅಳತೆಯ ಒಂದು ಜೊತೆಗಾಗಿ ಹುಡುಕುತ್ತಿದ್ದೇನೆ. ಸಿಕ್ಕರೆ ಮಡಿಚಿ ಸೀಟಿನ ಹಿಂದೆ ಕಟ್ಟಿಕೊಂಡು ಹೋಗಬೇಕು.